ಇಳಕಲ್ ಸೆರಗಿನ ಅತ್ತೆ: ಒಂದು ಡಿಜಿಟಲ್ ಭಾವಚಿತ್ರದ ಕಾಮಗಾರಿ

ಕೆಲಸ ಇಷ್ಟು. ಸೋದರತ್ತೆಗೆ ಎಂಬತ್ತು ತುಂಬಿತು, ಮನೆಯವರಿಗೆ ಒಂದು ಭಾವಚಿತ್ರ ಬೇಕು. ಎ3 ಅಳತೆ, ಮ್ಯಾಟ್ ಕಾಗದದ ಮೇಲೆ ಮುದ್ರಣ, ತೇಗದ ಚೌಕಟ್ಟು. ಇರುವ ಫೋಟೊವನ್ನೇ ದೊಡ್ಡದು ಮಾಡಿಸಿ ತೂಗುಹಾಕಬಹುದಿತ್ತು. ಆದರೆ ಅತ್ತೆಯ ಒಂದು ಫೋಟೊವೂ ಅತ್ತೆಯಂತಿಲ್ಲ ಎಂಬುದು ಮನೆಮಂದಿಯ ಹಳೆಯ ದೂರು. ಮದುವೆಮನೆಯ ಫ್ಲ್ಯಾಷ್ ಬೆಳಕಿನಲ್ಲಿ ಹಣೆ ಬಿಳಿಚಿಕೊಂಡಿರುತ್ತದೆ. ಮೊಮ್ಮಕ್ಕಳ ಮೊಬೈಲಿನಲ್ಲಿ ಸುಕ್ಕುಗಳೆಲ್ಲ ಮಾಯವಾಗಿ ಮುಖ ಮೇಣದ ಗೊಂಬೆಯಂತಾಗಿರುತ್ತದೆ. ಹಾಗಾಗಿ ಬರೆದೇ ಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಸಲಕರಣೆ ದುಬಾರಿಯದೇನಲ್ಲ. ಪರದೆಯಿಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್, ಲ್ಯಾಪ್‌ಟಾಪಿಗೆ ಜೋಡಿಸಿದ ಒಂದು ಮಾನಿಟರ್, ಉಚಿತವಾಗಿ ಸಿಗುವ ಕ್ರಿಟಾ ತಂತ್ರಾಂಶ. ಕ್ಯಾನ್ವಾಸ್ 3508 × 4961 ಪಿಕ್ಸೆಲ್. ಇಂಚಿಗೆ 300ರ ಲೆಕ್ಕದಲ್ಲಿ ಇದು ಎ3. ಬಣ್ಣದ ಆಳವನ್ನು, ಎಂದರೆ ಒಂದೊಂದು ಬಣ್ಣಕ್ಕೂ ಸಿಗುವ ಮೆಟ್ಟಿಲುಗಳ ಎಣಿಕೆಯನ್ನು, 16 ಬಿಟ್‌ಗೆ ಇಟ್ಟೆ. ಕಪ್ಪು ಬಣ್ಣದ ಮೈಯಲ್ಲಿ ನೆರಳಿನ ಭಾಗ ದೊಡ್ಡದು, ಅದರೊಳಗಿನ ಏರಿಳಿತ ತೀರಾ ಸೂಕ್ಷ್ಮ. 8 ಬಿಟ್‌ನಲ್ಲಿ ಅದನ್ನು ಮತ್ತೆ ಮತ್ತೆ ತಿದ್ದಿದರೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಭಾವಚಿತ್ರ ಕಲಿಸುವ ಪಾಠಗಳ ಬಗ್ಗೆ ಮೊದಲೇ ಒಂದು ತಕರಾರು ಹೇಳಿಬಿಡುತ್ತೇನೆ. ಅವುಗಳಲ್ಲಿ ಬಹುಪಾಲು ಬಿಳಿ ಚರ್ಮವನ್ನು ಮುಂದಿಟ್ಟುಕೊಂಡು ಬರೆದವು. ಹಣೆಗೆ ಹಳದಿ, ಕೆನ್ನೆ ಮೂಗಿಗೆ ಕೆಂಪು, ಗಲ್ಲಕ್ಕೆ ನೀಲಿ ಎಂಬ ಸೂತ್ರವನ್ನು ಎಲ್ಲರೂ ಉರುಹೊಡೆದಿರುತ್ತಾರೆ. ಗಲ್ಲದ ನೀಲಿ ಬಿಳಿಯ ಗಂಡಸಿನ ಬೋಳಿಸಿದ ಗಡ್ಡದ್ದು. ನಮ್ಮ ಅತ್ತೆಯ ಗಲ್ಲಕ್ಕೆ ಅದನ್ನು ಹಚ್ಚಿ ಏನು ಮಾಡಲಿ? ತಿಳಿಬಣ್ಣದ ಮುಖದಲ್ಲಿ ಆಕಾರವನ್ನು ಹೇಳುವುದು ಹೆಚ್ಚಾಗಿ ನೆರಳು ಮತ್ತು ಕೆಂಪು. ಕಂದುಬಣ್ಣದ ಮುಖದಲ್ಲಿ ಆ ಕೆಲಸದ ಅರ್ಧ ಭಾರವನ್ನು ಹೊಳಪು ಹೊರುತ್ತದೆ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡೇ ಚಿತ್ರದ ಬಣ್ಣ, ಕಾಂಟ್ರಾಸ್ಟ್, ಶಾರ್ಪ್‌ನೆಸ್ ಮೂರನ್ನೂ ತೀರ್ಮಾನಿಸಿದೆ.

ಫೋಟೊ

ಅತ್ತೆಯ ಮನೆಯ ಪಡಸಾಲೆಗೆ ಉತ್ತರದ ಕಡೆ ಕಬ್ಬಿಣದ ಸರಳುಗಳ ಹಳೆಯ ಕಿಟಕಿಯಿದೆ. ಆಚೆ ಹಿತ್ತಲು, ಮೇಲೆ ತೆರೆದ ಆಕಾಶ. ವರ್ಷದ ಬಹುಪಾಲು ಅಲ್ಲಿ ನೇರ ಬಿಸಿಲು ಬೀಳದ ಕಾರಣ ಬೆಳಕು ಮೆದುವಾಗಿ, ಸ್ವಲ್ಪ ನೀಲಿಯಾಗಿ ಬರುತ್ತದೆ. ನೆಲ ರೆಡ್ ಆಕ್ಸೈಡಿನದು. ಹಾಗಾಗಿ ಮೇಲಿನಿಂದ ತಂಪು ಬೆಳಕು, ಕೆಳಗಿನಿಂದ ಕೆಂಪು ಪ್ರತಿಫಲನ: ಸ್ಟುಡಿಯೊದಲ್ಲಿ ದುಡ್ಡು ಕೊಟ್ಟು ಕಟ್ಟಬೇಕಾದ ವ್ಯವಸ್ಥೆ ಇಲ್ಲಿ ತಾನಾಗಿ ಇತ್ತು. ಮೂಗುತಿ ಬೆಳಕಿನ ಕಡೆಗೆ ಬರುವಂತೆ ಅತ್ತೆಯನ್ನು ಕಿಟಕಿಗೆ ಓರೆಯಾಗಿ ಕೂರಿಸಿದೆ. ಟ್ಯೂಬ್‌ಲೈಟ್ ಆರಿಸಿದೆ. ಎರಡು ಬಗೆಯ ಬೆಳಕು ಬೆರೆತ ಚರ್ಮದ ಬಣ್ಣವನ್ನು ಆಮೇಲೆ ಬಿಡಿಸುವುದು ನರಕ.

ಮೊಬೈಲಿನ ಮುಖ್ಯ ಲೆನ್ಸಿನದು ಅಗಲ ನೋಟ. ಅದರಲ್ಲಿ ಮುಖ ತುಂಬಿಸಲು ಹತ್ತಿರ ಹೋದರೆ ಮೂಗು ಉಬ್ಬುತ್ತದೆ, ಕಿವಿಗಳು ಹಿಂದಕ್ಕೆ ಓಡುತ್ತವೆ. ಆರೇಳು ಅಡಿ ಹಿಂದೆ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ತೆಗೆದೆ. ಮುಖ ಚೆಂದ ಮಾಡುವ ಆಯ್ಕೆಯನ್ನು ಪೂರ್ತಿ ತೆಗೆದುಹಾಕಿ, ಕ್ಯಾಮೆರಾ ಕಂಡದ್ದನ್ನು ತಿದ್ದದೆ ಇಡುವ ರಾ ಕಡತವನ್ನೇ ಉಳಿಸಿಕೊಂಡೆ. ಮೊಬೈಲ್ ತಾನೇ ತಯಾರಿಸಿ ಕೊಡುವ ಜೆಪೆಗ್ ಚಿತ್ರದಲ್ಲಿ ನೆರಳನ್ನು ಎತ್ತಿ, ಬೆಳಕನ್ನು ಇಳಿಸಿ, ಸಿಕ್ಕ ಅಂಚಿಗೆಲ್ಲ ಶಾರ್ಪ್‌ನೆಸ್ ತುಂಬಿರುತ್ತಾರೆ. ಅತ್ತೆಯ ರೆಪ್ಪೆಗೂ ಹಿಂದಿನ ಗೋಡೆಯ ಸುಣ್ಣದ ಬಿರುಕಿಗೂ ಅದರಲ್ಲಿ ಒಂದೇ ಮರ್ಯಾದೆ. ಕೆನ್ನೆಯ ಅಂಚಿನಲ್ಲಿ ತೆಳ್ಳನೆಯ ಬಿಳಿ ಗೆರೆಯೊಂದು ಕಾಣುತ್ತದಲ್ಲ, ಅದು ಆ ಅತಿಯಾದ ಶಾರ್ಪ್‌ನೆಸ್ಸಿನ ಗುರುತು. ಅದನ್ನು ನೋಡಿಕೊಂಡು ಬರೆದರೆ ಆ ಗೆರೆಯೂ ಚಿತ್ರಕ್ಕೆ ಬಂದು ಕೂರುತ್ತದೆ.

ಕ್ಯಾನ್ವಾಸಿನ ಬಿಳಿಯನ್ನು ಮುಚ್ಚುವುದು

ಮೊದಲ ಗೆರೆಗೂ ಮುಂಚೆ ಕ್ಯಾನ್ವಾಸಿಗೆಲ್ಲ ನಡುಮಟ್ಟದ ಬೂದುಬಣ್ಣ ಬಳಿದೆ. ಇದು ಶಾಸ್ತ್ರಕ್ಕೆ ಮಾಡಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ನ ಬಳಿ ಒಂದು ದೂರು ಬಂದಿತ್ತು: ನೀಲಿ, ನೇರಳೆ ಬಟ್ಟೆಗಳ ನೆರಳಿಗೆ ಬಳಸಿದ ಕಪ್ಪು ನೂಲಿಗೆ ಕಸುವೇ ಇಲ್ಲ ಎಂದು. ಆತ ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ಬಣ್ಣಗಳು ಆ ಕಪ್ಪನ್ನು ಹಾಗೆ ಕಾಣಿಸುತ್ತಿದ್ದವು. ಆ ವಿಚಾರವನ್ನೇ ಬೆಳೆಸಿ 1839ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ನಮ್ಮ ಕೆಲಸಕ್ಕೆ ಅದರ ಅರ್ಥ ಸರಳ. ಬಿಳಿ ಕ್ಯಾನ್ವಾಸಿನ ಮೇಲೆ ಇಟ್ಟ ಯಾವ ಕಂದುಬಣ್ಣವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಕೈ ತಾನಾಗಿ ಅದನ್ನು ತಿಳಿಯಾಗಿಸುತ್ತಾ ಹೋಗುತ್ತದೆ. ಕೊನೆಗೆ ಹಿನ್ನೆಲೆ ಬರೆಯುವ ಹೊತ್ತಿಗೆ ಮುಖ ಯಾರದೋ ಆಗಿರುತ್ತದೆ.

ರೇಖಾಚಿತ್ರದ ಹಂತದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕ್ರಿಟಾದಲ್ಲಿ ಎಂ ಕೀಲಿ ಒತ್ತಿದರೆ ನೋಟ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಕಣ್ಣುಗಳ ಮಟ್ಟ ತಪ್ಪಿದ್ದರೆ ಒಡನೆಯೇ ತಿಳಿಯುತ್ತದೆ. ಅದನ್ನು ಆಗಾಗ ಒತ್ತುತ್ತಿದ್ದೆ, ಅಷ್ಟೇ.

ಬೂದಿನ ಪರೀಕ್ಷೆ

ಮೊದಲು ಪೂರ್ತಿ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಮುಗಿಸಿ, ಆಮೇಲೆ ಮೇಲೊಂದು ಲೇಯರಿನಲ್ಲಿ (ಪಾರದರ್ಶಕ ಹಾಳೆಯಂಥ ಪದರದಲ್ಲಿ) ಬಣ್ಣ ಹಚ್ಚುವ ಪದ್ಧತಿಯಿದೆ. ನನಗೆ ಅದು ಒಗ್ಗುವುದಿಲ್ಲ. ಬೂದಿನ ಮೇಲೆ ಒಂದೇ ಕಂದನ್ನು ಹಾಯಿಸಿದರೆ ನೆರಳುಗಳಿಗೆ ಬೂದಿ ಮೆತ್ತಿದಂತಾಗುತ್ತದೆ, ಜೀವ ಬರುವುದಿಲ್ಲ. ನಾನು ನೇರವಾಗಿ ಬಣ್ಣದಲ್ಲೇ ಬರೆಯುತ್ತೇನೆ. ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಒಂದು ಲೇಯರನ್ನು ಕಲರ್ ಎಂಬ ಬೆರಕೆ ವಿಧಾನದಲ್ಲಿ ಇಟ್ಟಿರುತ್ತೇನೆ. ಅದನ್ನು ಆನ್ ಮಾಡಿದರೆ ಬಣ್ಣವೆಲ್ಲ ಹೋಗಿ ನೆರಳು-ಬೆಳಕಿನ ಮಟ್ಟ ಮಾತ್ರ ಉಳಿಯುತ್ತದೆ.

ಈ ಪರೀಕ್ಷೆ ಯಾಕೆ ಬೇಕೆಂದರೆ, ಪರದೆಯ ಮೂರು ಬಣ್ಣಗಳು ಕಣ್ಣಿಗೆ ಸಮನಾದ ಬೆಳಕನ್ನು ಕೊಡುವುದಿಲ್ಲ. ನಮಗೆ ತಟ್ಟುವ ಬೆಳಕಿನಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%. ಅತ್ತೆಯ ಹಣೆಯ ಕುಂಕುಮ ಇದಕ್ಕೆ ಒಳ್ಳೆಯ ಸಾಕ್ಷಿ. ಕಾಸಗಲದ ಆ ಬೊಟ್ಟು ಮುಖದಲ್ಲೇ ಅತ್ಯಂತ ಎದ್ದುಕಾಣುವ ಬಣ್ಣ, ಉಜ್ವಲ ಎಂದೇ ಅನಿಸುತ್ತದೆ. ಬೂದಿನ ಲೇಯರ್ ಆನ್ ಮಾಡಿದರೆ ಅದು ಕಪ್ಪುಚುಕ್ಕೆ. ನಾನು ಇಟ್ಟ ಕುಂಕುಮದ ಕೆಂಪು-ಹಸಿರು-ನೀಲಿ ಅಂಕಿ, 0ಯಿಂದ 255ರ ಅಳತೆಯಲ್ಲಿ, 150, 24, 30. ಬೆಳಕು ನೆರಳಾಗುವ ಗಡಿಯಲ್ಲಿ ಚರ್ಮಕ್ಕೆ ಕೊಟ್ಟದ್ದು 112, 58, 40. ಬಣ್ಣದಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ. ಬೂದಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಕುಂಕುಮವನ್ನು ಕಣ್ಣಿಗೆ ಕಂಡಷ್ಟು ಬೆಳಗಿಸಿ ಬರೆದಿದ್ದರೆ ಅದು ಹಣೆಯ ಮೇಲೆ ಕೂರುತ್ತಿರಲಿಲ್ಲ, ಚಿತ್ರದ ಮೇಲೆ ಅಂಟಿಸಿದ ಬಿಂದಿಯಾಗುತ್ತಿತ್ತು.

ಕಣ್ಣಿನ ಬಿಳಿಯದು ಇದರ ತಿರುಗುಮುರುಗು. ಅದನ್ನು 150, 138, 132ಕ್ಕೆ ಇಟ್ಟೆ. ಬೆಳಕು ಬಿದ್ದ ಕೆನ್ನೆ 196, 148, 116. ಎಂದರೆ ಕಣ್ಣಿನ ಬಿಳಿ ಕಂದು ಕೆನ್ನೆಗಿಂತ ಕಪ್ಪು! ಹಾಗೇ ಇರಬೇಕು. ಗುಡ್ಡೆ ಗುಳಿಯೊಳಗಿದೆ, ಮೇಲಿನ ರೆಪ್ಪೆ ಅದರ ಮೇಲೆ ನೆರಳು ಬೀರುತ್ತದೆ, ಗೋಳವಾದ್ದರಿಂದ ಅಂಚುಗಳು ಇನ್ನಷ್ಟು ಮಂಕು. ಸುತ್ತ ಕಂದು ಇರುವುದರಿಂದ ಆ ಬೂದೇ ಬಿಳಿಯಾಗಿ ಕಾಣುತ್ತದೆ. ಹೊಸಬರ ಭಾವಚಿತ್ರಗಳು ಬೆಚ್ಚಿಬಿದ್ದವರಂತೆ ಕಾಣುವುದಕ್ಕೆ ಅರ್ಧ ಕಾರಣ ಕಣ್ಣಿಗೆ ತುಂಬಿದ ಅಪ್ಪಟ ಬಿಳಿ.

ಅಪ್ಪಟ ಕಪ್ಪನ್ನೂ ಎಲ್ಲಿಯೂ ಇಡಲಿಲ್ಲ. ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ, ಕಣ್ಣಿನ ಪಾಪೆ, ಮೂರಕ್ಕೂ 28, 16, 14ರ ಆಸುಪಾಸು. ನೆರಳಿನ ಕೆನ್ನೆ 74, 42, 34. ಮುಖದ ನೆರಳುಭಾಗವನ್ನೆಲ್ಲ ಕಣ್ಣು ಕಿರಿದಾಗಿಸಿ ನೋಡಿದಾಗ ಒಂದೇ ತುಂಡಾಗಿ ಕಾಣುವಂತೆ ಹಿಡಿದಿಟ್ಟೆ. ನೆರಳಿನೊಳಗೆ ಕಾಂಟ್ರಾಸ್ಟ್ ಕೊಡುವ ಆಸೆ ಬಹಳ ಬರುತ್ತದೆ, ಏಕೆಂದರೆ ಅಲ್ಲಿಯೂ ಸುಕ್ಕುಗಳಿವೆ, ಕಿವಿಯ ಓಲೆಯಿದೆ. ಅದನ್ನು ಕೊಟ್ಟೊಡನೆ ಬೆಳಕಿನ ಭಾಗದ ಬಲ ಕುಂದುತ್ತದೆ.

ಬಣ್ಣ

ಈಗ ಹೇಳಿದ ಅಂಕಿಗಳನ್ನು ಹ್ಯೂ (ಬಣ್ಣದ ಚಕ್ರದ ಮೇಲಿನ ಜಾಗ; ಕೆಂಪು 0 ಡಿಗ್ರಿ) ಮತ್ತು ಸ್ಯಾಚುರೇಶನ್ (ಬಣ್ಣದ ತೀವ್ರತೆ) ಲೆಕ್ಕಕ್ಕೆ ತಂದರೆ ಚರ್ಮದ ಗುಟ್ಟು ಕಾಣುತ್ತದೆ. ಬೆಳಕಿನ ಕೆನ್ನೆಯ ಹ್ಯೂ 24 ಡಿಗ್ರಿ, ಸ್ಯಾಚುರೇಶನ್ 41%. ನಡುಮಟ್ಟದ ಚರ್ಮ 142, 92, 66. ಅದರ ಹ್ಯೂ 21, ಸ್ಯಾಚುರೇಶನ್ 54%. ಬೆಳಕು ನೆರಳಾಗುವ ಗಡಿಯಲ್ಲಿ ಹ್ಯೂ 15, ಸ್ಯಾಚುರೇಶನ್ 64%. ನೆರಳಿನೊಳಗೆ ಹ್ಯೂ 12, ಸ್ಯಾಚುರೇಶನ್ ಮತ್ತೆ 54%. ಕತ್ತಲಿಗೆ ಹೋದಂತೆಲ್ಲ ಬಣ್ಣ ಕೆಂಪಿನತ್ತ ವಾಲುತ್ತದೆ. ಆದರೆ ಅದರ ತೀವ್ರತೆ ಗಡಿಯಲ್ಲಿ ಶಿಖರ ಮುಟ್ಟಿ ಇಳಿಯುತ್ತದೆ.

ಕಾರಣ ಚರ್ಮದ ಒಳಗಿದೆ. ಬೆಳಕು ಮೇಲ್ಪದರಕ್ಕೆ ಬಡಿದು ವಾಪಸಾಗುವುದಷ್ಟೇ ಅಲ್ಲ, ಒಂದಷ್ಟು ಒಳಗೆ ನುಗ್ಗಿ ಚದುರಿ ಬೇರೆ ಜಾಗದಿಂದ ಹೊರಬೀಳುತ್ತದೆ. ನೀಲಿ ಬೆಳಕು ಬೇಗ ಹೀರಿಹೋಗುತ್ತದೆ, ಕೆಂಪು ಹೆಚ್ಚು ಆಳಕ್ಕೆ, ಹೆಚ್ಚು ದೂರಕ್ಕೆ ಹೋಗುತ್ತದೆ. ಬೆಳಕಿನ ಕಡೆಯಿಂದ ಹೀಗೆ ಒಳಗೊಳಗೇ ಸಾಗಿದ ಕೆಂಪು ನೆರಳಿನ ಅಂಚಿನಲ್ಲಿ ಹೊರಗೆ ಬರುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಗೆ ಹೋಗಬೇಕು. ಅಲ್ಲಿ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ರವಿವರ್ಮನದೆಂದು ಎಷ್ಟೋ ಜನ ಇಂದಿಗೂ ಹೇಳುವ ಜಲವರ್ಣ ಅದು. ದೀಪಕ್ಕೆ ಮರೆಯಾಗಿ ಹಿಡಿದ ಅಂಗೈಯ ಬೆರಳುಗಳ ಸಂದಿಗಳನ್ನು ನೋಡಿ. ಬೆಳಕು ಬೆರಳನ್ನು ಹಾಯ್ದು ಕೆಂಪಾಗಿ ಬಂದಿದೆ. ಆ ಬೆರಳುಗಳನ್ನು ಕಂದಿನಲ್ಲೇ ಬರೆದಿದ್ದರೆ ದೀಪ ಹೊತ್ತಿದೆ ಎಂದು ನಾವು ನಂಬುತ್ತಿರಲಿಲ್ಲ.

ಮೈಗೆ ಕಪ್ಪು ಕೊಡುವ ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಈ ಕೆಂಪು ಅಡಗಿರುತ್ತದೆ, ಆದರೆ ಇಲ್ಲವಾಗುವುದಿಲ್ಲ. ಅತ್ತೆಯ ಮುಖದಲ್ಲಿ ಅದನ್ನು ಮೂಗಿನ ಮಗ್ಗುಲಲ್ಲಿ, ಕೆನ್ನೆಯ ಏರು ಮುಗಿಯುವಲ್ಲಿ ಬೆರಳಗಲದ ಪಟ್ಟಿಯಾಗಿ ಮಾತ್ರ ಇಟ್ಟೆ. ಗಲ್ಲದ ಅಡಿಗೆ, ಕತ್ತಿಗೆ ಕೆಂಪು ನೆಲದ ಪ್ರತಿಫಲನ ಬೇರೆ ಸೇರಿತು.

ಇನ್ನು ಹೊಳಪು. ಚರ್ಮದ ಮೇಲಿನ ಎಣ್ಣೆಪಸೆಗೆ ಬಡಿದು ನೇರವಾಗಿ ವಾಪಸಾಗುವ ಬೆಳಕು ಚರ್ಮದ ಬಣ್ಣವನ್ನು ಹೊತ್ತು ತರುವುದಿಲ್ಲ. ಅದು ಬಂದ ಬೆಳಕಿನದೇ ಬಣ್ಣ. ಹಿತ್ತಲಿನ ಆಕಾಶ ನೀಲಿ, ಹಾಗಾಗಿ ಹಣೆಯ ಉಬ್ಬಿನ ಹೊಳಪಿಗೆ 205, 203, 208 ಎಂಬ ತಣ್ಣನೆಯ ಬೂದು. ಬಿಳಿಯರ ಹಣೆಯ ಮೇಲೆ ಈ ಹೊಳಪಿಗೂ ಚರ್ಮಕ್ಕೂ ಅಂತರ ಕಡಿಮೆ, ಕಳೆದುಹೋಗುತ್ತದೆ. ಅತ್ತೆಯ ಹಣೆಯ ಮೇಲೆ ಅದು ಸ್ಪಷ್ಟವಾಗಿ ತೇಲುತ್ತದೆ, ಒಳಗಿನ ಎಲುಬು ಎಲ್ಲಿ ತಿರುಗುತ್ತದೆ ಎಂಬುದನ್ನು ತೋರಿಸುತ್ತದೆ. ಹುಬ್ಬಿನ ಮೇಲಿನ ದಿಬ್ಬ, ಕೆನ್ನೆಯೆಲುಬು, ಮೂಗಿನ ತುದಿ, ಕೆಳತುಟಿ, ಗಲ್ಲ. ಐದೂ ಕಡೆ ಹೊಳಪಿನ ಆಕಾರ ಬೇರೆ, ಅಂಚು ಬೇರೆ. ಚರ್ಮದ ಮೂಲಬಣ್ಣವನ್ನು ತಿಳಿಯಾಗಿಸಿ ಹೊಳಪು ತರಲು ಹೋದರೆ ಮುಖ ಹಿಟ್ಟು ಬಳಿದಂತಾಗುತ್ತದೆ. ಇದಕ್ಕಾಗಿಯೇ ಹೊಳಪನ್ನು ಬೇರೆ ಲೇಯರಿನಲ್ಲಿ ಇಟ್ಟುಕೊಂಡಿದ್ದೆ.

ಕಣ್ಣಿನ ಕೆಳಗಿನ ಕಪ್ಪಿಗೆ ನೇರಳೆ ಹಚ್ಚಬೇಕೆಂದು ಕಣ್ಣು ಒತ್ತಾಯಿಸುತ್ತದೆ. ಹಚ್ಚಲಿಲ್ಲ. 92, 66, 58 ಎಂಬ ಬರೀ ಮಂಕಾದ ಕಂದು ಸಾಕಾಯಿತು. ಪಕ್ಕದ ಬೆಚ್ಚಗಿನ ಚರ್ಮವೇ ಅದನ್ನು ನೇರಳೆಯಾಗಿಸಿತು. ನರೆತ ಕೂದಲಿನ ನೀಲಿಯೂ ಹೀಗೆಯೇ ಬಂದದ್ದು. ನನ್ನ ಪ್ಯಾಲೆಟ್ಟಿನಲ್ಲಿ ನೀಲಿ ಎನ್ನಬಹುದಾದ ಬಣ್ಣ ಆ ಹೊಳಪಿನ ಲೇಯರ್ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಈ ಹಂತದಲ್ಲಿ ಅತ್ತೆಯ ಹಿರಿಯ ಮಗ ಬಂದು ಚಿತ್ರ ನೋಡಿದ. ಚೆನ್ನಾಗಿದೆ ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅವ್ವನನ್ನು ಒಂಚೂರು ಬೆಳ್ಳಗೆ ಮಾಡಲು ಬರುತ್ತದೆಯೇ ನೋಡು" ಎಂದ. ನಿರೀಕ್ಷಿಸಿದ್ದ ಮಾತೇ. ಅವನೆದುರಿಗೇ ಚರ್ಮದ ಲೇಯರುಗಳ ವ್ಯಾಲ್ಯೂ, ಎಂದರೆ ಬೆಳಕಿನ ಮಟ್ಟ, ಏರಿಸಿ ತೋರಿಸಿದೆ. ಹೊಳಪಿಗೂ ಚರ್ಮಕ್ಕೂ ನಡುವಿನ ಅಂತರ ಕರಗಿತು, ಕೆನ್ನೆಯೆಲುಬು ಚಪ್ಪಟೆಯಾಯಿತು, ಅತ್ತೆ ಯಾವುದೋ ಕ್ರೀಮಿನ ಜಾಹೀರಾತಿನ ಅಜ್ಜಿಯಾದರು. ಅವನಿಗೂ ಹಿಡಿಸಲಿಲ್ಲ, ಆದರೆ ಬೇಡಿಕೆಯನ್ನೇನೂ ಹಿಂದೆ ತೆಗೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ಮುಖವನ್ನು ಮೊದಲಿನಂತೆಯೇ ಮಾಡಿ ಹಿನ್ನೆಲೆಗೆ ಕೈಹಾಕಿದೆ. ಸುಣ್ಣದ ಗೋಡೆಯನ್ನು ತಿಳಿಬೂದಿನಿಂದ ಇಳಿಸಿ, ತುಸು ಹಸಿರು ಬೆರೆತ ಮಬ್ಬಿಗೆ ತಂದೆ. ಬೆಳಕಿನ ಕೆನ್ನೆಯ ಹಿಂದೆ ಗೋಡೆ ಕಪ್ಪು, ನೆರಳಿನ ಕೆನ್ನೆಯ ಹಿಂದೆ ಗೋಡೆಯೂ ಕೆನ್ನೆಯೂ ಬಹುತೇಕ ಒಂದೇ ಮಟ್ಟ. ಹಸಿರು ಪಕ್ಕಕ್ಕೆ ಬಂದದ್ದರಿಂದ ಚರ್ಮದ ಕೆಂಪು ಎದ್ದಿತು. ಮುಂದಿನ ಸಲ ಬಂದವನು, "ಈಗ ಸರಿಹೋಯಿತು, ನಾನು ಹೇಳಿದ್ದು ಇಷ್ಟೇ" ಎಂದ. ಮುಖದ ಒಂದು ಪಿಕ್ಸೆಲ್ಲನ್ನೂ ಮುಟ್ಟಿಲ್ಲವೆಂದು ನಾನು ಹೇಳಲು ಹೋಗಲಿಲ್ಲ.

ಅಂಚುಗಳು

ಶಾರ್ಪ್‌ನೆಸ್ ಎಂದರೆ ಕೊನೆಗೆ ಹಾಕುವ ಫಿಲ್ಟರ್ ಎಂದು ತಿಳಿದರೆ ಕೆಲಸ ಕೆಟ್ಟಿತು. ಅದು ಮೊದಲಿನಿಂದಲೂ ಬ್ರಷ್ಷಿನಲ್ಲೇ ಇರಬೇಕು. ನಮ್ಮ ಕಣ್ಣಿಗೆ ಒಂದು ಕ್ಷಣದಲ್ಲಿ ನಿಚ್ಚಳವಾಗಿ ಕಾಣುವುದು ನೋಟದ ನಡುವಿನ ಎರಡು ಡಿಗ್ರಿಯಷ್ಟು ಜಾಗ ಮಾತ್ರ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರಿಗಿಂತ ಅದು ಅಷ್ಟೇನೂ ದೊಡ್ಡದಲ್ಲ. ಎದುರಿಗೆ ಕೂತವರ ಕಣ್ಣನ್ನು ನೋಡುತ್ತಿರುವಾಗ ಅವರ ಕಿವಿಯ ಓಲೆಯ ಕುಸುರಿ ನಮಗೆ ಕಾಣುವುದಿಲ್ಲ. ಚಿತ್ರದಲ್ಲಿ ಎರಡೂ ಒಂದೇ ನಿಚ್ಚಳದಲ್ಲಿದ್ದರೆ ಅದು ನೋಟವಾಗದೆ ದಾಖಲೆಯಾಗುತ್ತದೆ.

ಫೋಟೊದ ಒಂದು ಪ್ರತಿಯ ಮೇಲೆ ಅಂಚುಗಳ ನಕ್ಷೆ ಗುರುತು ಮಾಡಿಕೊಂಡೆ. ಅತ್ಯಂತ ಹರಿತ: ಬೆಳಕಿನ ಕಡೆಯ ಕಣ್ಣಿನ ಮೇಲುರೆಪ್ಪೆ, ಕಣ್ಣೊಳಗಿನ ಮಿಂಚು, ಮೂಗುತಿ. ಅದಕ್ಕಿಂತ ಕಡಿಮೆ: ಮೂಗಿನ ಹೊಳ್ಳೆ, ಕುಂಕುಮದ ಕೆಳಗಿನ ಅಂಚು. ಕುಂಕುಮದ ಮೇಲಿನ ಅಂಚು ಪುಡಿ ಉದುರಿ ಚದುರಿರುತ್ತದೆ, ಅದು ಮೆದು. ಕೂದಲು ಹಣೆಯಿಂದ ಏಳುವ ಸಾಲು ಇನ್ನೂ ಮೆದು. ನೆರಳಿನ ಕಡೆಯ ದವಡೆ ಗೋಡೆಯೊಳಗೆ ಪೂರ್ತಿ ಕಳೆದುಹೋಗಬೇಕು. ತುಟಿಯ ಎರಡು ಕೊನೆಗಳನ್ನೂ ಮಬ್ಬಾಗಿ ಬಿಟ್ಟೆ. ಲಿಯೊನಾರ್ಡೊ ತನ್ನ ಮೊನಾ ಲಿಸಾದಲ್ಲಿ ತುಟಿಯ ಮತ್ತು ಕಣ್ಣಿನ ಕೊನೆಗಳನ್ನು ಹೊಗೆಯಾಡಿದಂತೆ ಬಿಟ್ಟದ್ದರ ಲಾಭ ಇಲ್ಲಿಯೂ ಸಿಗುತ್ತದೆ: ಅತ್ತೆ ನಗುವ ಮುನ್ನವೋ ನಕ್ಕಾದ ಮೇಲೋ ಎಂಬುದು ನೋಡುವವರ ಪಾಲಿಗೆ ಉಳಿಯುತ್ತದೆ.

ಸುಕ್ಕುಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಸುಕ್ಕನ್ನು ಗೆರೆಯೆಂದು ಎಳೆದರೆ ಮುಖದ ಮೇಲೆ ಪೆನ್ಸಿಲಿನ ಗೀರಾಗುತ್ತದೆ. ಅದೊಂದು ಸಣ್ಣ ಕಣಿವೆ. ಬೆಳಕು ಎಡದಿಂದ ಬರುತ್ತಿದೆ ಎನ್ನೋಣ. ಎಡದ ದಂಡೆ ಬೆಳಕಿಗೆ ಬೆನ್ನುಮಾಡಿ ಇಳಿಯುವುದರಿಂದ ಮೆಲ್ಲಮೆಲ್ಲಗೆ ಕಪ್ಪಾಗುತ್ತಾ ತಳ ಸೇರುತ್ತದೆ. ತಳದಲ್ಲಿ ಥಟ್ಟನೆ ಕಡಿದು, ಬಲದ ದಂಡೆ ಬೆಳಕಿಗೆ ಮುಖಮಾಡಿ ಬೆಳಗುತ್ತದೆ, ಆಮೇಲೆ ನಿಧಾನವಾಗಿ ಸುತ್ತಲಿನ ಚರ್ಮದಲ್ಲಿ ಬೆರೆಯುತ್ತದೆ. ಎಂದರೆ ಪ್ರತಿ ಸುಕ್ಕಿಗೂ ಒಂದೇ ಒಂದು ಹರಿತ ಅಂಚು, ಅದರ ಎರಡೂ ಕಡೆ ಕರಗುವ ಮೆದು. ಕಣ್ಣಿನ ಕೊನೆಯಲ್ಲಿ ಕವಲೊಡೆದ ಸುಕ್ಕುಗಳನ್ನು ಹೀಗೆ ಮಾಡಿದೆ: ಮೊದಲು ಮೆತ್ತನೆಯ ಏರ್‌ಬ್ರಷ್‌ನಲ್ಲಿ ಗಡಿಯ ಕೆಂಗಂದು ಬಣ್ಣದ ಅಗಲ ಎಳೆತ, ಅದರ ಬಲಕ್ಕೆ ಗಟ್ಟಿ ಅಂಚಿನ ಸಣ್ಣ ಬ್ರಷ್‌ನಲ್ಲಿ ನಡುಮಟ್ಟದ ಚರ್ಮದ ಬಣ್ಣದಿಂದ ಕತ್ತರಿಸಿದಂತೆ ಒಂದು ಗೀರು, ಆ ಗೀರಿನ ಹೊರಬದಿಯನ್ನು ಸ್ಮಜ್ ಬ್ರಷ್‌ನಿಂದ ಒಂದೇ ಸಲ ಎಳೆದು ಕರಗಿಸುವುದು. ಹರಿತ ಅಂಚು ಕಣ್ಣಿನ ಹತ್ತಿರ ಗಟ್ಟಿಯಾಗಿದ್ದು ಕೆನ್ನೆಗೆ ಇಳಿಯುತ್ತಾ ಸಡಿಲವಾಗಬೇಕು. ಸುಕ್ಕಿನ ತಳಕ್ಕೆ ಕಪ್ಪು ಹಾಕುವಂತಿಲ್ಲ; ಅಲ್ಲಿ ಎರಡು ದಂಡೆಗಳ ನಡುವೆ ಬೆಳಕು ಪುಟಿದು ಕೆಂಪೇರಿರುತ್ತದೆ.

ಕಣ್ಣಿನದು ಬೇರೆಯೇ ಅಧ್ಯಾಯ. ವಯಸ್ಸಾದವರ ಕಣ್ಣಾಲಿಯ ಅಂಚಿನಲ್ಲಿ ಬೂದು ಉಂಗುರವೊಂದು ಮೂಡಿರುತ್ತದೆ, ಅತ್ತೆಗೂ ಇದೆ. ಅದನ್ನು ಬಿಟ್ಟರೆ ಕಣ್ಣು ನಲವತ್ತರ ಹೆಂಗಸಿನದಾಗುತ್ತದೆ. ಆಲಿಯ ಅಂಚಿಗೆ ವೃತ್ತದ ಗೆರೆ ಎಳೆಯದೆ ಮಬ್ಬಾಗಿ ಬಿಳಿಯೊಳಗೆ ಬೆರೆಸಿದೆ. ಕಣ್ಣಿನ ಮಿಂಚು ಕಿಟಕಿಯದೇ ಪ್ರತಿಬಿಂಬ, ಹಾಗಾಗಿ ಅದು ದುಂಡು ಚುಕ್ಕೆಯಾಗಲಾರದು: ಉದ್ದನೆಯ ಚೌಕ, ಗೋಳದ ಮೇಲೆ ತುಸು ಬಾಗಿದ್ದು, ಒಳಗೆ ಸರಳುಗಳ ಎರಡು ಕಪ್ಪು ಎಳೆ. ದೂರದಿಂದ ಎಳೆಗಳು ಕಾಣುವುದಿಲ್ಲ, ಆದರೆ ಅವಿಲ್ಲದಿದ್ದರೆ ಮಿಂಚು ಬಣ್ಣದ ಹನಿಯಾಗುತ್ತದೆ. ಮಿಂಚು ಮೇಲೆ ಎಡಕ್ಕೆ, ಆಲಿಯೊಳಗೆ ಹಾಯ್ದ ಬೆಳಕು ಕೆಳಗೆ ಬಲಕ್ಕೆ. ಅಲ್ಲಿ ಮಾತ್ರ ಕಡುಗಂದು ತುಸು ಜೇನುಬಣ್ಣಕ್ಕೆ ತಿರುಗುತ್ತದೆ. ಕೆಳರೆಪ್ಪೆಯ ಒಳದಂಡೆಯ ತೇವಕ್ಕೆ ಕೂದಲೆಳೆಯಷ್ಟು ಬೆಳಕು, ಅದೂ ತುಂಡುತುಂಡಾಗಿ. ದೂರದ ಕಣ್ಣಿಗೆ ಇವೆಲ್ಲವೂ ಉಂಟು, ಅರ್ಧ ಬಲದಲ್ಲಿ.

ಚರ್ಮದ ರಂಧ್ರಗಳಿಗೆ ಸಣ್ಣ ಕಾಳುಕಾಳಿನ ಬ್ರಷ್‌ನಿಂದ ಒಂದು ಲೇಯರ್ ಮಾಡಿ, ಓವರ್‌ಲೇ ಎಂಬ ಬೆರಕೆ ವಿಧಾನದಲ್ಲಿ ಅದರ ಗಾಢತೆಯನ್ನು 10%ಕ್ಕೆ ಇಳಿಸಿದೆ. ಅದಕ್ಕೆ, ಬೇಡದ ಕಡೆ ಮರೆಮಾಡುವ ಮಾಸ್ಕ್ ಹಾಕಿ, ಬೆಳಕು ಓರೆಯಾಗಿ ಜಾರುವ ಜಾಗಗಳಲ್ಲಿ ಮಾತ್ರ ಉಳಿಸಿಕೊಂಡೆ. ನೆರಳಿನಲ್ಲಿ ರಂಧ್ರ ಕಾಣುವುದಿಲ್ಲ. ಮುಖದ ತುಂಬ ರಂಧ್ರ ತುಂಬಿದ ಚಿತ್ರಗಳು ಕಿತ್ತಳೆ ಸಿಪ್ಪೆಯ ಅಭ್ಯಾಸಪಾಠಗಳಾಗಿ ಉಳಿಯುತ್ತವೆ.

ಸೀರೆಗೆ ಕಠಿಣನಾಗಬೇಕಾಯಿತು. ಹಸಿರು ಒಡಲಿನ ಇಳಕಲ್, ತಲೆಯ ಮೇಲೆ ಹೊದ್ದ ಕೆಂಪು ಸೆರಗು, ಅದರಲ್ಲಿ ಟೋಪ ತೆನಿ ಎಂಬ ಹಲ್ಲುಹಲ್ಲಾದ ಬಿಳಿ ವಿನ್ಯಾಸ. ಅಷ್ಟು ಕೆಂಪು, ಅಷ್ಟು ಬಿಳಿ ಮುಖದ ಪಕ್ಕದಲ್ಲೇ ಕೂತರೆ ಕುಂಕುಮಕ್ಕೂ ಕಣ್ಣಿಗೂ ಉಳಿಯುವುದೇನು? ಸೆರಗಿನ ಕೆಂಪಿನ ತೀವ್ರತೆಯನ್ನು ಕುಂಕುಮದ್ದಕ್ಕಿಂತ ಕೆಳಗಿಟ್ಟೆ. ತೆನಿಯ ಬಿಳಿಯನ್ನು ಕೆನ್ನೆಯ ಹೊಳಪಿಗಿಂತ ಮಂಕಾಗಿಸಿದೆ. ನೇಯ್ಗೆಯ ಎಳೆಗಳನ್ನು ಕೆನ್ನೆಗೆ ತಾಗುವ ಒಂದು ಮಡಿಕೆಯಲ್ಲಿ ಮಾತ್ರ ಬಿಡಿಸಿ, ಭುಜದ ಹತ್ತಿರ ಬರುವಷ್ಟರಲ್ಲಿ ಅಗಲ ಬ್ರಷ್ಷಿನ ಬಣ್ಣವಾಗಿ ಕೈಬಿಟ್ಟೆ. ಒಂದು ಮಡಿಕೆ ಇಳಕಲ್ ಎಂದು ಹೇಳಿದರೆ ಉಳಿದದ್ದನ್ನು ನೋಡುವವರೇ ನೇಯ್ದುಕೊಳ್ಳುತ್ತಾರೆ.

ಮುದ್ರಣ

ಕೊನೆಯ ಶಾರ್ಪನಿಂಗ್‌ಗೆ ಅನ್‌ಶಾರ್ಪ್ ಮಾಸ್ಕ್ ಬಳಸಿದೆ. ಹೆಸರು ವಿಚಿತ್ರವೆನಿಸಿದರೂ ಫಿಲ್ಮಿನ ಕಾಲದ ಡಾರ್ಕ್‌ರೂಮ್ ತಂತ್ರವೇ ಅದು: ಮಸುಕಾದ ಪ್ರತಿಯೊಂದನ್ನು ಮಾಡಿ, ಮೂಲದೊಂದಿಗೆ ಹೋಲಿಸಿ, ಅಂಚುಗಳ ಎರಡು ಬದಿಯ ವ್ಯತ್ಯಾಸವನ್ನು ಹಿಗ್ಗಿಸುವುದು. ಇಲ್ಲದ ವಿವರವನ್ನು ಅದು ತಂದುಕೊಡುವುದಿಲ್ಲ. ಅಂಚಿನ ಕಾಂಟ್ರಾಸ್ಟ್ ಹೆಚ್ಚಿಸುತ್ತದೆ, ಅಷ್ಟೇ. ತ್ರ‍ಿಜ್ಯ 2 ಪಿಕ್ಸೆಲ್, ಪ್ರಮಾಣ ಅರ್ಧಕ್ಕೆ, ಬಣ್ಣ ಮುಟ್ಟದೆ ಬೆಳಕಿನ ಮಟ್ಟಕ್ಕೆ ಮಾತ್ರ. ಅದನ್ನೂ ಮಾಸ್ಕ್ ಹಾಕಿ ಹತ್ತಿರದ ಕಣ್ಣು, ಹುಬ್ಬು, ಮೂಗುತಿ, ಹಣೆಯ ನಾಲ್ಕಾರು ಬಿಡಿಗೂದಲಿಗೆ ಸೀಮಿತಗೊಳಿಸಿದೆ.

ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಮ್ಯಾಟ್ ಕಾಗದದ ಕಪ್ಪು ಎಂದೂ ಪೂರ್ತಿ ಕಪ್ಪಲ್ಲ, ಅದರ ಮೇಲೆ ಕಡುನೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೂರ್ತಿ ಅಳತೆಗೆ ಹೋಗುವ ಮೊದಲು ಕಣ್ಣಿನಿಂದ ದವಡೆಯವರೆಗಿನ ಒಂದು ಪಟ್ಟಿಯನ್ನು ಮಾತ್ರ ಮುದ್ರಿಸಿಕೊಂಡು, ಹಗಲು ಬೆಳಕಿನಲ್ಲಿ ಹಿಡಿದು ನೋಡಿದೆ. ಸೆರಗಿನ ಒಳಗಿನ ನೆರಳು ಮುಚ್ಚಿಹೋಗಿತ್ತು, ಓಲೆ ಕಾಣುತ್ತಿರಲಿಲ್ಲ. ಬೆಳಕಿನ ಮಟ್ಟಗಳನ್ನು ತಿದ್ದುವ ಕರ್ವ್ಸ್‌ನಲ್ಲಿ ಕೆಳತುದಿಯನ್ನಷ್ಟೇ ತುಸು ಎತ್ತಿ, ನಡುಮಟ್ಟವನ್ನು ಹಾಗೇ ಹಿಡಿದುಕೊಂಡೆ. ಮಸಿ ಕಾಗದದಲ್ಲಿ ಹರಡುವುದರಿಂದ ಕಣ್ಣಿನ ಶಾರ್ಪ್‌ನೆಸ್ಸನ್ನು ಪರದೆಯಲ್ಲಿ ಸ್ವಲ್ಪ ಹೆಚ್ಚೇ ಅನಿಸುವಷ್ಟು ಬಿಟ್ಟೆ. ಲ್ಯಾಬಿನವರಿಗೆ ಯಂತ್ರದ ತಾನಾಗಿ ಬಣ್ಣ ತಿದ್ದುವ, ತಾನಾಗಿ ಶಾರ್ಪ್ ಮಾಡುವ ಎರಡೂ ಆಯ್ಕೆಗಳನ್ನು ಆಫ್ ಮಾಡಲು ಒತ್ತಿ ಹೇಳಬೇಕು. ಹೇಳದಿದ್ದರೆ ಮೊಬೈಲು ಮಾಡುವುದನ್ನೇ ಅವರ ಯಂತ್ರ ಮಾಡಿಕೊಡುತ್ತದೆ.

ಚೌಕಟ್ಟು ಹಾಕಿಸುವ ಮೊದಲು ಮುದ್ರಣವನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಸುಕ್ಕಿನ ಬಗ್ಗೆ, ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. "ನನ್ನ ಮೂಗುತಿ ಇಷ್ಟು ಎಲ್ಲಿ ಹೊಳೆಯುತ್ತದೋ? ಮೂವತ್ತು ವರ್ಷದ ಎಣ್ಣೆ ಕುಡಿದಿದೆ ಅದು" ಎಂದರು.

ಮಾತು ನಿಜ, ಚಿತ್ರದ ದೃಷ್ಟಿಯಿಂದ ಇನ್ನೂ ನಿಜ. ಮೂಗುತಿಯ ಹೊಳಪಿಗೆ ನಾನು ಕೊಟ್ಟದ್ದು 250, 244, 225. ಇಡೀ ಮುಖದಲ್ಲಿ ಅದಕ್ಕಿಂತ ಬೆಳಕಿನ ಬಿಂದು ಇರಲಿಲ್ಲ, ಕಣ್ಣಿನ ಮಿಂಚೂ ಅದರ ಮುಂದೆ ಎರಡನೆಯದು. ಅದನ್ನು 212, 190, 140ಕ್ಕೆ ಇಳಿಸಿ, ಕಲ್ಲಿನ ಸುತ್ತಿನ ಲೋಹದ ಪಟ್ಟಿಗೆ ಮಂಕು ಕಂದು ಸವರಿ, ಶಾರ್ಪನಿಂಗ್ ಮಾಸ್ಕಿನಿಂದ ಮೂಗುತಿಯ ಕೆಳಗಿನ ಅರ್ಧವನ್ನು ಅಳಿಸಿದೆ. ಮೇಲಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಹರಿತ ಉಳಿಯಿತು. ಈಗ ನೋಟ ಮೊದಲು ಕಣ್ಣಿಗೆ ಹೋಗಿ, ಅಲ್ಲಿಂದ ಕುಂಕುಮಕ್ಕೆ ಏರಿ, ಆಮೇಲೆ ಮೂಗುತಿಗೆ ಇಳಿಯುತ್ತದೆ. ತಿದ್ದಿದ ಕಡತವನ್ನು ಅದೇ ಕಾಗದ, ಅದೇ ಸೂಚನೆಗಳೊಂದಿಗೆ ಲ್ಯಾಬಿಗೆ ಮತ್ತೆ ಕಳಿಸಿದ್ದೇನೆ. ಚೌಕಟ್ಟಿನವನಿಗೆ ಗಾಜು ಬೇಡವೆಂದು ಹೇಳಿಯಾಗಿದೆ.